ನಿತ್ಯಪುಷ್ಪದ ಎಲೆ ತಿನ್ನಬೇಡಿ, ನಾನು ಕಳಿಸಿದ್ದ ಮೆಸೇಜ್ ತಪ್ಪು

"ಬಿಳಿ ನಿತ್ಯಪುಷ್ಪದ ಐದು ಎಲೆ ದಿನಾ ತಿಂದರೆ ಕ್ಯಾನ್ಸರ್ ವಾಸಿ" ಅನ್ನೋ ಮೆಸೇಜ್ ದಾವಣಗೆರೆಯ ನಮ್ಮ ಬಡಾವಣೆ ಗ್ರೂಪಿನಲ್ಲಿ ಓಡಾಡುತ್ತಿದೆ. ನಾನೂ ಕಳಿಸಿದ್ದೆ. ಅದು ತಪ್ಪು, ಕ್ಷಮಿಸಿ.

ಈ ಗಿಡದಿಂದ ವಿನ್‌ಬ್ಲಾಸ್ಟಿನ್, ವಿನ್‌ಕ್ರಿಸ್ಟಿನ್ ಎಂಬ ಕ್ಯಾನ್ಸರ್ ಔಷಧಿ ಸಿಗುವುದು ನಿಜ. ಆದರೆ 1 ಗ್ರಾಂ ವಿನ್‌ಬ್ಲಾಸ್ಟಿನ್‌ಗೆ ಸುಮಾರು 500 ಕೆ.ಜಿ. ಒಣ ಎಲೆ ಬೇಕು! ವಿನ್‌ಬ್ಲಾಸ್ಟಿನ್ ಆಗಲು ಒಟ್ಟು ಕೂಡಬೇಕಾದ ಎರಡು ವಸ್ತುಗಳಲ್ಲಿ ಒಂದು ಹೆಚ್ಚಾಗಿ ಎಲೆಯ ಮೇಲಿನ ಮೇಣದಲ್ಲಿದೆ, ಇನ್ನೊಂದು ಎಲೆಯ ಒಳಗಿದೆ. ಅವು ಸೇರುವುದೇ ಅಪರೂಪ. ಹೂವಿನ ಬಣ್ಣ ಬೇರೆ ಜೀನ್‌ಗಳ ಕೆಲಸ, ಬಿಳಿ ಅಂದ ಮಾತ್ರಕ್ಕೆ ಔಷಧಿ ಅಲ್ಲ.

ಡಾಕ್ಟರ್ ಈ ಔಷಧಿಗಳನ್ನು ಮಿಲಿಗ್ರಾಂ ಲೆಕ್ಕದಲ್ಲಿ ರಕ್ತನಾಳಕ್ಕೇ ಕೊಡುತ್ತಾರೆ. ಹಸಿ ಎಲೆ ತಿಂದರೆ ವಿಷ. ದಯವಿಟ್ಟು ಆ ಮೆಸೇಜ್ ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದರ ಕೆಳಗೇ ಇದನ್ನು ಹಾಕಿ.