ಬೊನೆಗಿಗೆ ಸ್ನಾರ್ಕೆಲ್ ಸಾಕು
ಸಾಲೊಮನ್ ದ್ವೀಪಗಳ ಬಗ್ಗೆ ನಿಮ್ಮ ಲೇಖನ ಓದಿ ತುಂಬಾ ಖುಷಿಯಾಯಿತು. ಆದರೆ ಎರಡನೇ ಮಹಾಯುದ್ಧದಲ್ಲಿ ಮುಳುಗಿದ ಹಡಗು ನೋಡಲು ಡೈವಿಂಗ್ ಕಲಿತೇ ಹೋಗಬೇಕು ಅಂದಿದ್ದೀರಿ, ಹಾಗೇನಿಲ್ಲ, ಸ್ನಾರ್ಕೆಲ್ (ಮುಖ ನೀರಿನಲ್ಲಿಟ್ಟು ಈಜುವಾಗ ಉಸಿರಾಡುವ ಕೊಳವೆ) ಇದ್ದರೆ ಸಾಕು. ರಾಜಧಾನಿ ಹೊನಿಯಾರಾದಿಂದ ಪಶ್ಚಿಮಕ್ಕಿರುವ ಬೊನೆಗಿಯಲ್ಲಿ, 1942ರ ನವೆಂಬರಿನಲ್ಲಿ ಅಮೆರಿಕದ ದಾಳಿಗೆ ಸಿಕ್ಕಿದ ಜಪಾನಿನ ಕಿನುಗಾವಾ ಮಾರು ಹಡಗು ದಡದಿಂದ ಈಜಿ ಹೋಗುವಷ್ಟು ಹತ್ತಿರದಲ್ಲೇ ಬಿದ್ದಿದೆ. ತುಕ್ಕು ಹಿಡಿದ ಕಬ್ಬಿಣದ ಮೇಲೆ ಹವಳ, ಸಂದಿಯಲ್ಲಿ ಪುಟ್ಟ ಮೀನು. ನನಗೆ ಮಾತೇ ಹೊರಡಲಿಲ್ಲ.

ಮಲೈಟಾ ದ್ವೀಪದ ಲಂಗಲಂಗಾ ಕಡೆಗೂ ಹೋಗಿ ಬನ್ನಿ. ಅಲ್ಲಿ ಚಿಪ್ಪನ್ನು ಒಡೆದು, ತೂತು ಕೊರೆದು, ಕಲ್ಲಿನ ಮೇಲೆ ಉಜ್ಜಿ ಉಜ್ಜಿ ದುಂಡಗೆ ಮಾಡಿ ಪೋಣಿಸುತ್ತಾರೆ. ಅದು ಸುಮ್ನೆ ಸರ ಅಲ್ಲ, ಹಣ. ಮದುವೆಯಲ್ಲಿ ಹೆಣ್ಣಿನ ಕಡೆಯವರಿಗೆ ಇವತ್ತಿಗೂ ಕೊಡುತ್ತಾರೆ.

ಇನ್ನೊಂದು ಮಾತು. 1943ರಲ್ಲಿ ಇಲ್ಲಿ ತಮ್ಮ ಯುದ್ಧದೋಣಿ ಮುಳುಗಿದರೂ ಕೆನಡಿ (ಮುಂದೆ ಅಮೆರಿಕದ ಅಧ್ಯಕ್ಷರಾದವರು) ಬದುಕುಳಿದದ್ದು ಬರೆದಿದ್ದೀರಿ, ಅವರ ಸಂದೇಶ ಕೆತ್ತಿದ ತೆಂಗಿನಕಾಯಿ ಹಿಡಿದು ದೋಣಿಯಲ್ಲಿ ಹೊರಟ ಸ್ಥಳೀಯರಾದ ಬಿಯುಕು ಗಾಸಾ, ಎರೋನಿ ಕುಮಾನಾ ಹೆಸರೇ ಇಲ್ವಲ್ಲ? ದಯವಿಟ್ಟು ಸೇರಿಸಿ.