ಗುಂಡು ಬಿದ್ದ ಮ್ಯಾಲಿನ ಮೊದಲ ಐದು ನಿಮಿಷ

ನಾ ವಿಜಯಪುರದಾಗ ಕ್ಯಾಶುಯಲ್ಟಿ ಡ್ಯೂಟಿ ಮಾಡೋ ಸ್ಟಾಫ್ ನರ್ಸ್, ನಮ್ಮಣ್ಣ ಪೊಲೀಸ್ ಇಲಾಖೆಯಾಗ ಹೆಡ್ ಕಾನ್‌ಸ್ಟೇಬಲ್, ಹಂಗಾಗಿ ಈ ವಿಷಯ ನಮ್ಮನಿಯಾಗ ಊಟಕ್ಕ ಕುಂತಾಗೂ ಬರ್ತೈತಿ. ಭಾಳ ದಿನದಿಂದ ಬರೀಬೇಕು ಅಂತಿದ್ದೆ. ಉದ್ದ ಆಗ್ತೈತಿ, ಆದ್ರೂ ಓದ್ರಿ, ಮನಿಯಾಗ ಯಾರರ ಪೊಲೀಸರು ಇದ್ರಂತೂ ಓದ್ಲೇಬೇಕು.

ಆಯುಧ ಇದ್ದವರನ್ನ ಹಿಡಿಯಾಕ ಹೋಗೋ ಪ್ರತಿಯೊಂದು ಪೊಲೀಸ್ ಟೀಮಿಗೂ ರಕ್ತ ನಿಲ್ಲಿಸೋ ಟ್ರೇನಿಂಗ್ ಆಗ್ಬೇಕು, ಸೊಂಟದಾಗ ಅದರ ಕಿಟ್ ಇರಬೇಕು. ಬೆಂಗಳೂರಿನ ಗರುಡ ಪಡೆಯಂಥ ಕಮಾಂಡೋಗಳಿಗೆ ಅಷ್ಟ ಕೊಟ್ರ ಸಾಲಂಗಿಲ್ಲ, ಚಡಚಣ, ಝಳಕಿ, ಇಂಡಿ, ಸಿಂದಗಿ ಠಾಣೆಯವರಿಗೂ ಬೇಕು. ಭೀಮಾತೀರದಾಗ ಕಂಟ್ರಿ ಪಿಸ್ತೂಲ್ ಸಿಕ್ಕ ಸುದ್ದಿ ನಮಗ ಹೊಸಾದೇನಲ್ಲ. ರಾತ್ರಿ ಒಂದು ಗಂಟೆಕ್ಕ ಯಾವುದೋ ತ್ವಾಟದ ಮನಿ ಬಾಗಿಲ ತಟ್ಟೋ ಪಿಎಸ್‌ಐ, ಅವರ ಹಿಂದ ನಿಂತ ನಾಕು ಮಂದಿ ಕಾನ್‌ಸ್ಟೇಬಲ್, ಇವರಿಗೆ ಒಳಗ ಮಚ್ಚು ಐತೋ ಪಿಸ್ತೂಲ್ ಐತೋ ಗೊತ್ತಿರಂಗಿಲ್ಲ.

ಮನಷ್ಯಾನ ಮೈಯಾಗ ಇರೋದು ಸುಮಾರು 5 ಲೀಟರ್ ರಕ್ತ. ತೊಡಿಯೊಳಗಿನ ದೊಡ್ಡ ರಕ್ತನಾಳ ಕಟ್ ಆತಂದ್ರ ಐದು ನಿಮಿಷದೊಳಗ ಜೀವ ಹೋಗಬಹುದು. 2008ರಿಂದ ನಮ್ಮ ರಾಜ್ಯದಾಗ 108 ಓಡ್ತೈತಿ, ಎಷ್ಟ ಜೀವ ಉಳಿಸೈತಿ ಅನ್ನೋದನ್ನ ನಾ ದಿನಾ ಕಣ್ಣಾರೆ ನೋಡ್ತೀನಿ, ಆದ್ರ ಎಷ್ಟ ಚಲೋ ಅಂಬುಲೆನ್ಸ್ ಇದ್ರೂ ಐದು ನಿಮಿಷಕ್ಕ ಹೊಲದಾಗಿನ ಹಾದಿಗೆ ಬರಾಕ ಆಗಂಗಿಲ್ಲ, ಬಂದ್ರೂ ಗುಂಡು ಹಾರಾಕತ್ತಿದ್ದಲ್ಲಿ ಒಳಗ ಬಾ ಅಂತ ಆ ಡ್ರೈವರಣ್ಣಗ ಹೇಳೋ ಹಕ್ಕು ಯಾರಿಗೂ ಇಲ್ಲ.

26/11ರ ರಾತ್ರಿ, 2008ರಾಗ ಮುಂಬೈ ಮ್ಯಾಲ ಉಗ್ರರ ದಾಳಿ ಆದದ್ದು, ನೆನಪ ಮಾಡ್ಕೋರಿ. ಹೇಮಂತ ಕರ್ಕರೆ, ಅಶೋಕ ಕಾಮ್ಟೆ, ವಿಜಯ ಸಾಲಸ್ಕರ್ ಈ ಮೂವರು ಅಧಿಕಾರಿಗಳಿದ್ದ ಪೊಲೀಸ್ ಗಾಡಿ ಮ್ಯಾಲ ಗುಂಡು ಬಿದ್ದದ್ದು ಎಲ್ಲಿ? ಮುಂಬೈನ ಕಾಮಾ ಆಸ್ಪತ್ರೆ ಪಕ್ಕದ ಓಣಿಯಾಗ. ಗ್ವಾಡಿ ಆಚೆ ದವಾಖಾನಿ. ಕಾಮ್ಟೆ ಸಾಹೇಬ್ರು ಅದಕ್ಕೂ ಮೊದಲ ನಮ್ಮ ಪಕ್ಕದ ಸೋಲಾಪುರದಾಗ ಪೊಲೀಸ್ ಕಮಿಷನರ್ ಆಗಿದ್ದವರು. ಗಾಡಿ ಹಿಂದ ಗಾಯ ಆಗಿ ಬಿದ್ದಿದ್ದ ಕಾನ್‌ಸ್ಟೇಬಲ್ ಅರುಣ ಜಾಧವ ಒಬ್ಬರ ಉಳದ್ರು, ಆ ಉಗ್ರರು ಅದ ಗಾಡಿ ಓಡಿಸ್ಕೊಂಡ ಹೋದಾಗ ಇವರು ಸತ್ತವರ ಜೋಡಿ ಹಿಂದ ಇದ್ರು, ಆಮ್ಯಾಲ ವೈರ್‌ಲೆಸ್‌ನಾಗ ಸುದ್ದಿ ಮುಟ್ಟಿಸಿದವರೂ ಅವರ. ಕಿಟ್ ಇದ್ದಿದ್ರ ಆ ಮೂವರೂ ಉಳೀತಿದ್ರು ಅಂತ ನಾ ಹೇಳಾಕತ್ತಿಲ್ಲ, ಎಲ್ಲಾ ಗಾಯ ನಿಲ್ಲಿಸೋವಲ್ಲ. ದವಾಖಾನಿ ಬಾಗಲದಾಗ ಇದ್ರೂ ಗುಂಡಿನ ಸದ್ದು ನಿಲ್ಲೋತನಕ ಅದು ನೂರು ಕಿಲೋಮೀಟರ್ ದೂರ ಇದ್ದಂಗ, ಇದು ನನ್ನ ಮಾತು. ಆ ಹೊತ್ತಿನಾಗ ಕೈ ಹಚ್ಚಾಕ ಆಗೋದು ಬಗಲಾಗ ಇರೋ ಜೋಡಿದಾರಗ ಅಷ್ಟ.

ಇದನ್ನ ಅಮೆರಿಕದ ಮಿಲಿಟರಿಯವರು ಭಾಳ ಹಿಂದ ಲೆಕ್ಕಾ ಹಾಕಿದ್ರು. 1996ರಾಗ ಟ್ಯಾಕ್ಟಿಕಲ್ ಕಾಂಬ್ಯಾಟ್ ಕ್ಯಾಶುಯಲ್ಟಿ ಕೇರ್, ಅಂದ್ರ ಕಾಳಗದ ಜಾಗದಾಗ ಗಾಯಾಳುಗಳನ್ನ ನೋಡ್ಕೊಳ್ಳೋದು, ಅಂತ ನಿಯಮ ಬರದ್ರು. ಆಮ್ಯಾಲ 2001ರಿಂದ 2011ರತನಕ ಇರಾಕ್, ಅಫ್ಘಾನಿಸ್ತಾನದಾಗ ಸತ್ತ 4,596 ಸೈನಿಕರ ಸಾವು ಒಂದೊಂದಾಗಿ ತಗದು ನೋಡಿದಾಗ ದವಾಖಾನಿ ಮುಟ್ಟೂದಕ್ಕಿಂತ ಮೊದಲ ಆದ ಸಾವಿನಾಗ ಸುಮಾರು ಕಾಲು ಭಾಗ ಉಳಿಯಬಹುದಾಗಿದ್ದ ಸಾವು, ಅದರಾಗ ನೂರಕ್ಕ ತೊಂಬತ್ತು ಬರೀ ರಕ್ತ ಹೋಗಿ ಆದದ್ದು. ಪೊಲೀಸರ ಕೆಲಸಕ್ಕ ಹೊಂದೋ ಹಂಗ ಇದನ್ನ ತಿದ್ದಾಕ 2011ರಾಗ ಬ್ಯಾರೆ ಕಮಿಟಿನ ಆತು. ಅದ ವರ್ಷ ಜನವರಿಯಾಗ ಅಲ್ಲಿನ ಟೂಸಾನ್ ಊರಾಗ ಒಬ್ಬಾಂವ ಜನರ ಮ್ಯಾಲ ಗುಂಡು ಹಾರಿಸಿದಾಗ, ಅಂಬುಲೆನ್ಸಿನವರು ಒಳಗ ಬರೂದಕ್ಕಿಂತ ಮೊದಲ ಗಾಯಾಳುಗಳಿಗೆ ಪಟ್ಟಿ ಕಟ್ಟಿದವರು ಪೊಲೀಸರು, ತಮ್ಮ ಗಾಡಿಯಾಗಿದ್ದ ಸಣ್ಣ ಕಿಟ್ ತಗೊಂಡು.

ಕಲಿಯೋದು ಡಾಕ್ಟರಕಿ ಏನಲ್ರಿ. ಗುಂಡು ಹಾರೋ ಹೊತ್ತಿನಾಗ ಮೊದಲ ಎದುರಿನವನನ್ನ ಹತೋಟಿಗೆ ತರಬೇಕು, ಗಾಯ ಆದವನನ್ನ ಗುಂಡು ತಾಗದಂಥ ಆಸರಕ್ಕ ಎಳೀಬೇಕು, ಕೈ ಕಾಲಿನಿಂದ ರಕ್ತ ಚಿಮ್ಮಾಕತ್ತಿದ್ರ ಟೂರ್ನಿಕೆಟ್ (ರಕ್ತ ನಿಲ್ಲಿಸಾಕ ಗಾಯದ ಮ್ಯಾಲ ಬಿಗಿಯೋ ಪಟ್ಟಿ), ಅಲ್ಲಿಗೆ ಮುಗೀತು, ಉಳದದ್ದೆಲ್ಲಾ ಆಸರದಾಗ. ಅಲ್ಲಿ ಬಂದ ಮ್ಯಾಲ ಕುತ್ತಿಗಿ, ಬಗಲು, ತೊಡಿಸಂದಿ ಗಾಯಕ್ಕ ಗಾಜ್ ಬಟ್ಟಿ (ದವಾಖಾನಿಯ ತೆಳ್ಳನ ಪಟ್ಟಿ ಬಟ್ಟಿ) ತುಂಬಿ ಒತ್ತಿ ಹಿಡಿಯೋದು (ಅಲ್ಲಿ ಟೂರ್ನಿಕೆಟ್ ಕೂಡಂಗಿಲ್ಲ), ಉಸಿರಿನ ದಾರಿ ನೋಡೋದು, ಎದಿಗೆ ತೂತು ಬಿದ್ದಿದ್ರ ಗಾಳಿ ಒಳಗ ಹೋಗದಂಗ ಮುಚ್ಚೋದು. ಆಮ್ಯಾಲ ಚಾದರ ಹೊಚ್ಚೋದು. ನಮ್ಮ ವಿಜಯಪುರದ ಬಿಸಲಾಗ ಚಾದರ ಯಾಕ ಅಂತೀರೇನೋ, ರಕ್ತ ಹೋದವಂದು ಮೈ ತಣ್ಣಗ ಆಗ್ತೈತಿ, ಮೈ ತಣ್ಣಗ ಆದ್ರ ರಕ್ತ ಹೆಪ್ಪಗಟ್ಟೂದು ಕಮ್ಮಿ ಆಗ್ತೈತಿ, ಮತ್ತ ರಕ್ತ ಹೋಗ್ತೈತಿ. ಇನ್ನೊಂದು, ನಂಗ ಓದಿದಾಗ ಮೈ ಝುಮ್ ಅಂದಿತ್ತು: ಗಾಯ ಆಗಿ ಅರೆಪ್ರಜ್ಞೆಯಾಗ ಇರೋ ಪೊಲೀಸನ ಕೈಯಾಗಿನ ಗನ್ ಮೊದಲ ತಗೋಬೇಕು, ಯಾಕಂದ್ರ ಮಬ್ಬಿನಾಗ ತನ್ನವರ ಮ್ಯಾಲ ಹಾರಿಸಿಬಿಡಬಹುದು.

ಅಣ್ಣನ ತೋಳಿಗೆ ಒಂದ್ಸಲ ಮನಿಯಾಗ ಟೂರ್ನಿಕೆಟ್ ಹಾಕಿ ತೋರಿಸಿದೆ. ಪಟ್ಟಿ ಎಳದು ಬಿಗಿ ಮಾಡಿ, ಮ್ಯಾಲಿನ ಕಡ್ಡಿ ತಿರಗಸ್ಕೋತ ಹೋದೆ. ಎರಡು ಸುತ್ತಿಗೆ “ಸಾಕ ಬಿಡವಾ, ಕೈ ಜುಮ್ ಅನ್ನಾಕತ್ತೈತಿ” ಅಂದ. ಮಣಿಕಟ್ಟಿನ ಮ್ಯಾಲ ಬೆರಳಿಟ್ಟು ನೋಡಿದೆ, “ಇನ್ನಾ ನಾಡಿ ಬಡಿಯಾಕತ್ತೈತಣ್ಣಾ, ತಡಿ” ಅಂದು ಮತ್ತ ತಿರುವಿದೆ. ಮುಖ ಕೆಂಪ ಆತು, ಹಲ್ಲ ಕಚ್ಚಿದ, ಆವಾಗ ನಾಡಿ ನಿಂತಿತು. ತಕ್ಷಣ ಬಿಚ್ಚಿದೆ. ಆವಾಗ ಅವಗ ತಿಳೀತು, ನೋವು ಅಂತ ಕರುಣೆ ತೋರಿಸಿ ಅರ್ಧಕ್ಕ ಬಿಟ್ರ ರಕ್ತ ನಿಲ್ಲಂಗಿಲ್ಲ, ಇನ್ನೂ ಜಾಸ್ತಿ ಆಗ್ತೈತಿ. ನಮ್ಮಲ್ಲಿಗೆ ಬರೋ ಎಷ್ಟೋ ಕೇಸಿನಾಗ ಯಾರೋ ಪಾಪ ಬೆಲ್ಟ, ಟಾವೆಲ್ ಕಟ್ಟಿರ್ತಾರ, ಅದರೊಳಗ ನನ್ನ ಎರಡು ಬೆರಳು ಸಲೀಸಾಗಿ ಹೋಗ್ತಾವ. ಗಾಯದಿಂದ ಎರಡು ಮೂರು ಇಂಚು ಮ್ಯಾಲ, ಮೊಣಕಾಲು ಮೊಣಕೈ ಕೀಲು ಬಿಟ್ಟು, ರಕ್ತ ನಿಲ್ಲೋತನಕ ಬಿಗಿ, ಹಾಕಿದ ಟೈಮ್ ಬರೀಬೇಕು, ದವಾಖಾನಿಗೆ ಬರೋತನಕ ನಡುವ ಸಡಲ ಮಾಡಬಾರದು. ಎರಡು ತಾಸಿನೊಳಗ ಬಂದ್ರ ಸಾಮಾನ್ಯವಾಗಿ ಕಾಲು ಹೋಗಂಗಿಲ್ಲ. ಹಾವು ಕಚ್ಚಿದಾಗ ನಮ್ಮ ಮಂದಿ ಹಗ್ಗ ತಗೊಂಡು ಬಿಗದು ಕಟ್ತಾರ, ಅಲ್ಲಿ ಕಟ್ಟಬಾರದು. ರಕ್ತ ಚಿಮ್ಮಾಕತ್ತಾಗ ಅರಿಷಿಣ, ಕಾಫಿಪುಡಿ ಹಾಕಿ ಕೂಡ್ತಾರ, ಅಲ್ಲಿ ಕಟ್ಟಬೇಕು. ಇದು ಬರೀ ಪೊಲೀಸರಿಗಲ್ಲ, ಎಲ್ಲಾರಿಗೂ.

ಇನ್ನ ಕೆಲವರಿಗೆ ಹಿಡಿಸದ ಮಾತು ಹೇಳ್ತೀನಿ. ಪೇಪರಿನಾಗ “ಆರೋಪಿ ಕಾಲಿಗೆ ಗುಂಡು” ಅಂತ ಓದಿ ಕಾಲಿಗೆ ತಾನ ಬಿಡು ಅಂತಾರ. ಕಾಲಾಗ ಜೀವ ತಗಿಯೋ ರಕ್ತನಾಳ ಐತಿ ಅಂತ ಈಗ ತಾನ ಹೇಳ್ದೆ. ಗಾಯ ಆದ ಆರೋಪಿಗೆ ಚಿಕಿತ್ಸೆ ಕೊಡಿಸಲೇಬೇಕು ಅಂತ 2014ರಾಗ ಸುಪ್ರೀಂ ಕೋರ್ಟ್ ಎನ್‌ಕೌಂಟರ್ ಕೇಸಿನ ತೀರ್ಪಿನಾಗ ಹೇಳೈತಿ. ಅದಕ್ಕ ನನ್ನ ಪ್ರಕಾರ ಗುಂಡು ಹಾರಿಸಿದ ಟೀಮ್ ತನ್ನವರಿಗೆ ಹೆಂಗೋ ಹಂಗ ಅವನಿಗೂ ಅದ ಜಾಗದಾಗ ಟೂರ್ನಿಕೆಟ್ ಹಾಕ್ಬೇಕು. ಕೋರ್ಟಿನಾಗ ನಿಲ್ಲಬೇಕಾದಾಂವ ಹೊಲದಾಗ ಸಾಯಬಾರದು. ಅವನ ತಾಯಿ ನಮ್ಮ ಕ್ಯಾಶುಯಲ್ಟಿ ಬಾಗಲದಾಗ ಅಳೋದು ಎಲ್ಲಾ ತಾಯಂದಿರಂಗನ ಇರ್ತೈತಿ.

ಬಿಸಲಿನ ವಿಷಯನೂ ಇದರಾಗ ಸೇರಬೇಕು. ಏಪ್ರಿಲ್ ಮೇ ತಿಂಗಳಾಗ ನಲವತ್ತು ಡಿಗ್ರಿ ದಾಟಿದಾಗ ಜಾಕೆಟ್, ಹೆಲ್ಮೆಟ್ ಹಾಕ್ಕೊಂಡು ಬಂದೋಬಸ್ತ್ ನಿಂತ ಹುಡುಗ ತೊದಲಾಕತ್ತಿದ, ಒದ್ದಾಡಾಕತ್ತಿದ ಅಂದ್ರ ಮೊದಲ ಅಲ್ಲೇ ಮೈಮ್ಯಾಲ ನೀರ ಸುರದು ಗಾಳಿ ಬೀಸಿ ತಣ್ಣಗ ಮಾಡ್ಬೇಕು, ಆಮ್ಯಾಲ ಗಾಡಿ. ಜೀಪಿನಾಗ ಹಾಕ್ಕೊಂಡು ಓಡೋದ್ರೊಳಗ ಮಿದುಳಿಗೆ ಪೆಟ್ಟ ಬಿದ್ದಿರ್ತೈತಿ.

ಇದನ್ನ ಕಲಸೋರು ಎಲ್ಲಿ ಸಿಗ್ತಾರ ಅಂತ ಕೇಳಬ್ಯಾಡ್ರಿ. ಪಕ್ಕದ ಬೆಳಗಾವಿಯಾಗ ಮಿಲಿಟರಿಯ ಕಮಾಂಡೊ ಕೋರ್ಸ್ ನಡೀತೈತಿ, ಮರಾಠಾ ಲೈಟ್ ಇನ್‌ಫೆಂಟ್ರಿ ಸೆಂಟರ್ ಐತಿ, ಖಾನಾಪುರ ತಾಲ್ಲೂಕಿನಾಗ ಸಿಆರ್‌ಪಿಎಫ್ ಕೋಬ್ರಾ ಪಡೆಯ ಟ್ರೇನಿಂಗ್ ಸ್ಕೂಲ್ ಐತಿ. ಮಿಲಿಟರಿಯಾಗ ನರ್ಸಿಂಗ್ ಅಸಿಸ್ಟಂಟ್ ಆಗಿ ರಿಟೈರ್ ಆದವರು ನಮ್ಮ ಕಡೆ ಎಷ್ಟ ಮಂದಿ ಅದಾರ! ಚಳಿಗಾಲದ ಅಧಿವೇಶನಕ್ಕ ಸುವರ್ಣಸೌಧಕ್ಕ ಎಲ್ಲಾ ಜಿಲ್ಲಾದಿಂದ ಪೊಲೀಸರು ಬರ್ತಾರಲ್ಲ, ಪಾಳಿ ಇಲ್ಲದ ಹೊತ್ತಿನಾಗ ಒಂದೊಂದು ಬ್ಯಾಚ್ ಕೂಡಿಸಿದ್ರೂ ಆಗ್ತೈತಿ. ಆದ್ರ ಒಂದು ದಿನ ಹಾಲ್‌ನಾಗ ಪ್ರೊಜೆಕ್ಟರ್ ಹಚ್ಚಿ ಸರ್ಟಿಫಿಕೇಟ್ ಕೊಟ್ಟು ಫೋಟೋ ತಗಸೋ ಟ್ರೇನಿಂಗ್ ಬ್ಯಾಡ. ಕತ್ತಲದಾಗ, ಒಂದ ಕೈಲೆ, ಮಲಗಿದ ಜಾಗದಿಂದ ತನಗ ತಾನ ಟೂರ್ನಿಕೆಟ್ ಹಾಕ್ಕೊಳ್ಳೋದು ಬರಬೇಕು, ಆರು ತಿಂಗಳಿಗೊಮ್ಮೆ ಮತ್ತ ಮಾಡಬೇಕು. ಕಿಟ್ ಎಲ್ಲಾರ ಬೆಲ್ಟಿನಾಗೂ ಒಂದ ಜಾಗದಾಗ ಇರಬೇಕು, ಹುಡುಕೋ ಹಂಗ ಇರಬಾರದು. ಆನ್‌ಲೈನ್‌ನಾಗ ಸಿಗೋ ಅಗ್ಗದ ನಕಲಿ ಟೂರ್ನಿಕೆಟ್ ತರಬ್ಯಾಡ್ರಿ, ತಿರುವುವಾಗ ಕಡ್ಡಿ ಮುರೀತಾವ. ಪ್ರಾಕ್ಟೀಸ್ ಮಾಡಿದ್ದು ಬ್ಯಾರೆ, ಡ್ಯೂಟಿಗೆ ಒಯ್ಯೋದು ಬ್ಯಾರೆ ಇಟ್ಕೋರಿ.

ಯಾವುದರ ಠಾಣೆಯವರು ಕರದ್ರ ನನ್ನ ವೀಕ್ಲಿ ಆಫ್ ದಿನ ನಾ ಬಂದು ತೋರಸ್ತೀನಿ, ಗಾಜ್, ಪಟ್ಟಿ ನಾನ ತರ್ತೀನಿ, ರೊಕ್ಕ ಏನೂ ಬ್ಯಾಡ. ಮಿಲಿಟರಿಯಾಗಿದ್ದ ಅಣ್ಣಂದಿರು, ಕಾಕಾಗೋಳು ಯಾರರ ಜೋಡಿ ಬರ್ತೀನಿ ಅಂದ್ರ ಕೆಳಗ ಕಮೆಂಟಿನಾಗ ನಿಮ್ಮ ತಾಲ್ಲೂಕಿನ ಹೆಸರು ಹಾಕ್ರಿ.