ಯಾವುದು ಬಿಫೋರ್, ಯಾವುದು ಆಫ್ಟರ್?

ಆ ಹಸಿರು ಚೂಡಿದಾರ್ ಹೆಂಗಸಿನದು ಏನೂ ತಪ್ಪಿಲ್ಲ. ಅದನ್ನ ಮೊದಲೇ ಹೇಳಿಬಿಡ್ತೀನಿ, ಆಮೇಲೆ ಯಾರೂ ನನಗೆ ಬುದ್ಧಿ ಹೇಳೋಕೆ ಬರಬೇಡಿ. ಆಕೆ ಕಣ್ಣಿಗೆ ಕಂಡಿದ್ದನ್ನ ಕೇಳಿದಳು, ಅಷ್ಟೆ. ಜೋತ ಕೆನ್ನೆ ಎತ್ತಿಸ್ಕೊಳ್ಳೋಕೆ ನಾನು ದುಡ್ಡು ಸುರಿದ ಆ ಕಾಸ್ಮೆಟಿಕ್ ಕ್ಲಿನಿಕ್ಕಲ್ಲಿ ನನಗೆ ನಿಜ ಹೇಳಿದವಳು ಅವಳೊಬ್ಬಳೇ, ಅದೂ ಪುಕ್ಕಟೆಯಾಗಿ.

ಮಧ್ಯಾಹ್ನದಿಂದ ಕೂತಲ್ಲಿ ಕೂರಕ್ಕಾಗ್ತಿಲ್ಲ, ನಿಂತಲ್ಲಿ ನಿಲ್ಲಕ್ಕಾಗ್ತಿಲ್ಲ. ಸಾರು ತಳ ಹಿಡೀತು. ನಮ್ಮನೆಯವರು ಪೇಪರಿಂದ ತಲೆ ಎತ್ತದೆ "ಹೋಗ್ಲಿ ಬಿಡೇ" ಅಂದ್ರು. ಎಷ್ಟು ಹೋಗಿದೆ ಅಂತ ಗೊತ್ತಿದ್ದಿದ್ರೆ ಹಾಗಂತಿರಲಿಲ್ಲ. ಅವರಿಗೆ ನಾನು ಹೇಳಿರೋ ಲೆಕ್ಕ ಬೇರೆ, ಬಿಲ್ಲಲ್ಲಿರೋ ಲೆಕ್ಕ ಬೇರೆ. ಅದು ನಮ್ಮ ಸಂಸಾರದ ವಿಷಯ, ನಿಮಗೆ ಬೇಡ.

ಬಿಲ್ಲು ಕೇಳಿ. ಥ್ರೆಡ್ ಲಿಫ್ಟ್ (ಚರ್ಮದ ಕೆಳಗೆ ದಾರ ಹಾಕಿ ಕೆನ್ನೆ ಮೇಲಕ್ಕೆ ಎಳೆಯೋದು) ಅಂತ ಒಂದೇ ಸಾಲು, 85,000. ಅದರ ಕೆಳಗೆ ಜಿಎಸ್‌ಟಿ 18 ಪರ್ಸೆಂಟು, 15,300. ಮೂಲವ್ಯಾಧಿಗೆ ಆಪರೇಶನ್ ಮಾಡಿಸ್ಕೊಂಡ್ರೆ ಈ ಟ್ಯಾಕ್ಸ್ ಇಲ್ಲ. ಆಕ್ಸಿಡೆಂಟಲ್ಲಿ ಮುಖ ಕೆಟ್ಟು ಪ್ಲಾಸ್ಟಿಕ್ ಸರ್ಜರಿ ಮಾಡಿಸಿದ್ರೂ ಇಲ್ಲ. ಅಂದಕ್ಕೆ ಅಂದ್ರೆ ಮಾತ್ರ ಉಂಟು. ಇನ್ಶೂರೆನ್ಸಿನವರಂತೂ ಕಾಸ್ಮೆಟಿಕ್ ಅಂದ ತಕ್ಷಣ ಕೈ ಎತ್ತಿಬಿಡ್ತಾರೆ. ಸರಿ, ಶೋಕಿ ಅಂತಲೇ ಬರ್ಕೊಳ್ಳಿ. ಶೋಕಿಗೆ ಟ್ಯಾಕ್ಸ್ ಕಟ್ಟಿದ ಮೇಲೆ ಶೋಕಿಯಾದ್ರೂ ಮುಖದ ಮೇಲೆ ಕಾಣಬೇಕಲ್ಲ?

ಇವತ್ತು ರಿವ್ಯೂ ಇತ್ತು. ಡಾಕ್ಟರು ಇರಲಿಲ್ಲ. ದುಡ್ಡು ಕಟ್ಟೋ ದಿನ ಎದುರಿಗೆ ಕೂತು ಅಕ್ಕ-ತಂಗಿ ಯೋಗಕ್ಷೇಮ ವಿಚಾರಿಸಿದ ಮನುಷ್ಯ, ಆಮೇಲೆ ಯಾವಾಗ ಹೋದ್ರೂ "ಸರ್ ಪ್ರೊಸೀಜರಲ್ಲಿದಾರೆ". ನಮ್ಮ ಪಾಲಿಗೆ ಕೌನ್ಸೆಲರ್ ಹುಡುಗಿ. ನನ್ನ ಹಳೇ ವಿದ್ಯಾರ್ಥಿನಿಯರ ವಯಸ್ಸು. ಮುಖದಲ್ಲಿ ಒಂದು ಗೆರೆ ಇಲ್ಲ, ಬರೋಕೆ ಇನ್ನೂ ಟೈಮಿದೆ ಅವಳಿಗೆ. ಅದೇ ಸೋಫಾದ ಆ ತುದಿಯಲ್ಲಿ ಹಸಿರು ಚೂಡಿದಾರ್ ಹೆಂಗಸು, ವಿಚಾರಿಸ್ಕೊಂಡು ಹೋಗೋಣ ಅಂತ ಬಂದವಳು, ತೊಡೆ ಮೇಲೆ ಬ್ರೋಷರ್ರು. ಈ ಹುಡುಗಿ ಒಂದೇ ಕಲ್ಲಿಗೆ ಎರಡು ಹಕ್ಕಿ ಹೊಡೆಯೋ ಲೆಕ್ಕ ಹಾಕಿ, ನನ್ನನ್ನ ಒಂದು ಮಾತು ಕೇಳದೆ, ನನ್ನ ಫೋಟೋಗಳನ್ನ ಗೋಡೆಯ ಟಿವಿಗೆ ಹಾಕಿದಳು.

ನಿಮ್ಮ ಮುಖವನ್ನ ಯಾವತ್ತಾದ್ರೂ ಅಷ್ಟು ದೊಡ್ಡ ಟಿವಿಯಲ್ಲಿ ನೋಡಿದೀರಾ? ಬೇಡ. ಗದ್ದದ ಮಚ್ಚೆ ಮೇಲಿನ ಒಂದೇ ಒಂದು ಕೂದಲು ಕೂಡ ಕಾಣ್ತಿತ್ತು. ಎಡಗಡೆ ಫೋಟೋ ತೆಗೆದಿದ್ದು ತಲೆ ಮೇಲಿನ ಟ್ಯೂಬ್‌ಲೈಟಲ್ಲಿ, ಬಿಂದಿ ತೆಗೆಸಿ, ಕೂದಲು ಬಿಗಿಯಾಗಿ ಹಿಂದಕ್ಕೆ ಕಟ್ಟಿಸಿ, ಗದ್ದ ಸ್ವಲ್ಪ ಕೆಳಗೆ ಮಾಡಿ ಮ್ಯಾಮ್ ಅಂತ ಹೇಳಿಸಿಕೊಂಡು. ಬಲಗಡೆದು ರಿಂಗ್ ಲೈಟಲ್ಲಿ, ಬಿಂದಿ ಇದೆ, ಗದ್ದ ಮೇಲೆ, "ಸ್ವಲ್ಪ ಸ್ಮೈಲ್ ಮ್ಯಾಮ್". ಅಷ್ಟೆಲ್ಲ ನಾಟಕ ಆಡಿದ ಮೇಲೂ!

"ನೋಡಿ ಮ್ಯಾಮ್, ಎಷ್ಟು ಚೇಂಜ್!" ಅಂದಳು ಹುಡುಗಿ.

ಹಸಿರು ಚೂಡಿದಾರ್ ಬ್ಯಾಗಿಂದ ಕನ್ನಡಕ ತೆಗೆದು ಹಾಕ್ಕೊಂಡಳು. ಎಡಗಡೆ ನೋಡಿದಳು. ಬಲಗಡೆ ನೋಡಿದಳು. ಆಮೇಲೆ ಸೋಫಾದಲ್ಲಿ ಕೂತಿದ್ದ ನನ್ನ ಕಡೆ ತಿರುಗಿ, ಒಂದು ಗಳಿಗೆ ನೋಡಿ, ಮತ್ತೆ ಟಿವಿ ಕಡೆ ತಿರುಗಿದಳು. ಬಲಗಡೆ ಫೋಟೋಗೆ ಬೆರಳು ತೋರಿಸಿ, ಬಹಳ ಮರ್ಯಾದೆಯಿಂದ, ಮೆಲ್ಲಗೆ ಕೇಳಿದಳು: "ಇದು ಬಿಫೋರ್ ಅಲ್ವಾ?"

"ನೋ ಮ್ಯಾಮ್, ಅದು ಆಫ್ಟರ್."

"ಓ." ಆಮೇಲೆ ಒಂದು ಮೌನ. ಆಮೇಲೆ, "ಚೆನ್ನಾಗಿದೆ."

ಆ ಚೆನ್ನಾಗಿದೆ ಇದೆಯಲ್ಲ, ಅದು ನನ್ನನ್ನ ಕೊಂದುಹಾಕಿತು. ಉಪ್ಪಿಲ್ಲದ ಸಾಂಬಾರು ಬಡಿಸಿದ ಮನೆಯೊಡತಿಗೆ ಹೇಳೋ ಚೆನ್ನಾಗಿದೆ ಅದು. ಆಕೆಗೆ ಅಷ್ಟಕ್ಕೇ ಸಾಕಾಗಲಿಲ್ಲ, ಪಾಪ, ಕಾಳಜಿ ಬೇರೆ: "ಕೆನ್ನೆ ಮೇಲೆ ಆ ಗುಳಿ ನಿಮಗೆ ಹುಟ್ಟಿಂದನೇ ಇರೋದಾ?"

ಇಲ್ಲಮ್ಮ. ಹುಟ್ಟಿಂದ ಇರಲಿಲ್ಲ. ದುಡ್ಡು ಕೊಟ್ಟು ಮಾಡಿಸ್ಕೊಂಡಿದ್ದು. ಎಡಗೆನ್ನೆಯ ಮೂಳೆ ಕೆಳಗೆ, ಲಂಗದ ಲಾಡಿ ಎಳೆದಾಗ ಬಟ್ಟೆ ಸುಕ್ಕು ಗಟ್ಟುತ್ತಲ್ಲ, ಹಾಗೆ ಚರ್ಮ ಒಳಕ್ಕೆ ಸೆಳ್ಕೊಂಡಿದೆ. ಮಾತಾಡದೆ ಗಂಭೀರವಾಗಿದ್ರೆ ಅಷ್ಟು ಕಾಣಲ್ಲ. ನಕ್ಕರೆ ಎದ್ದು ಕಾಣುತ್ತೆ. ಸದ್ಯ, ನಗೋ ಅಂಥದ್ದು ಈ ಮನೆಯಲ್ಲಿ ಏನೂ ನಡೀತಿಲ್ಲ.

ಕೌನ್ಸೆಲರ್ ಹತ್ತಿರ ಅದಕ್ಕೂ ಉತ್ತರ ರೆಡಿ. "ಮ್ಯಾಮ್, ಆ ಸೈಡ್ ಮಲಗ್ತೀರಾ? ಜೋರಾಗಿ ಆಕಳಿಸಿದ್ರಾ? ಗಟ್ಟಿ ಪದಾರ್ಥ ಏನಾದ್ರೂ ಅಗೆದ್ರಾ?" ಅಗೆಯೋದಾ! ಚೀಟಿಯಲ್ಲಿ ಬರೆದುಕೊಟ್ಟ ಹಾಗೆ ಅಂಗಾತ ಮಲಗಿ, ಬಾಯಿ ಅರ್ಧ ತೆರೆದು, ರವೆ ಗಂಜಿ ಕುಡ್ಕೊಂಡು ದಿನ ಕಳೆದಿದೀನಿ. ಗೌರಿ ಹಬ್ಬದ ಚಕ್ಕುಲಿ ಎದುರಿಗಿತ್ತು, ಮುಟ್ಟಲಿಲ್ಲ. ನಾನು ಮಾಡಿದ ಚಕ್ಕುಲಿ, ಎಲ್ಲರೂ ಕರಕರ ಅಂತ ತಿಂತಿದ್ರು, ನಾನು ಗಂಜಿ. ಈಗ ಆಕಳಿಸಿದ್ರಾ ಅಂತ ಕೇಳ್ತಾಳೆ. ಆಕಳಿಸಿದ್ರೆ ಬಿಚ್ಚಿಹೋಗೋ ಕೆನ್ನೆಯನ್ನ ಯಾವ ಧೈರ್ಯದ ಮೇಲೆ ಮಾರ್ತೀರಿ ನೀವು?

ಅಷ್ಟು ಹೇಳಿ ಮುಗಿಸಿ, "ಒಂದು ಸಿರಿಂಜ್ ಫಿಲ್ಲರ್ ಹಾಕಿದ್ರೆ ಗುಳಿ ಮುಚ್ಚಿಹೋಗುತ್ತೆ ಮ್ಯಾಮ್, ಎಕ್ಸಿಸ್ಟಿಂಗ್ ಕ್ಲೈಂಟ್‌ಗೆ ಟ್ವೆಂಟಿ ಪರ್ಸೆಂಟ್ ಆಫ್" ಅಂದಳು. ಅವರು ತೋಡಿದ ಗುಂಡಿ ಮುಚ್ಚೋಕೆ ನನಗೆ ರಿಯಾಯಿತಿ.

ಇದಕ್ಕೆ ನಾನೇನಂದೆ ಗೊತ್ತಾ? ಹತ್ತನೇ ಕ್ಲಾಸಿನ ಕೊನೇ ಬೆಂಚನ್ನ ಒಂದು ನೋಟಕ್ಕೆ ತೆಪ್ಪಗೆ ಕೂರಿಸೋ ನಾನು, "ಆಯ್ತಮ್ಮ, ಯೋಚನೆ ಮಾಡಿ ಹೇಳ್ತೀನಿ, ಥ್ಯಾಂಕ್ಸ್" ಅಂದೆ. ಥ್ಯಾಂಕ್ಸ್! ಆಟೋ ಹತ್ತಿದ ಮೇಲೆ ಒಳ್ಳೊಳ್ಳೆ ಉತ್ತರ ಹೊಳೀತು. ಸೌತ್ ಎಂಡ್ ಸರ್ಕಲ್ ಸಿಗ್ನಲಲ್ಲಿ ಒಂದನ್ನ ಜೋರಾಗಿಯೇ ಹೇಳಿಬಿಟ್ಟೆ, ಡ್ರೈವರು "ಏನಂದ್ರಿ ಮೇಡಂ?" ಅಂತ ತಿರುಗಿ ನೋಡಿದ.

ಈಗ ಕೆಲವರು ಶುರು ಮಾಡ್ತೀರಿ: ಈ ವಯಸ್ಸಲ್ಲಿ ಯಾಕೆ ಬೇಕಿತ್ತು? ಬೇಕಿತ್ತು. ಚೆನ್ನಾಗಿ ನಿದ್ದೆ ಮಾಡಿ, ತಿಂಡಿ ತಿಂದು, ಉಲ್ಲಾಸವಾಗಿ ಸ್ಟಾಫ್ ರೂಮಿಗೆ ಕಾಲಿಟ್ಟರೆ "ಯಾಕೆ ಮೇಡಂ, ಹುಷಾರಿಲ್ವಾ?" ಅಂತಾರೆ. ಪೇರೆಂಟ್ಸ್ ಮೀಟಿಂಗಲ್ಲಿ ಅಂತಾರೆ, ದೇವಸ್ಥಾನದಲ್ಲಿ ಅಂತಾರೆ. ಸುಸ್ತಾಗದವಳನ್ನ ಊರೆಲ್ಲ ಸುಸ್ತಾಗಿದೀಯ ಅಂದ್ರೆ ಕೊನೆಗೆ ಸುಸ್ತಾಗಿಯೇ ಬಿಡುತ್ತೆ. ನಮ್ಮನೆಯವರ ಕೆನ್ನೆಯೂ ಜೋತಿದೆ, ಅವರನ್ನ ಯಾರೂ ಕೇಳಲ್ಲ, "ಕಳೆ ಬಂದಿದೆ ಸರ್" ಅಂತಾರೆ.

ಆ ದಾರದ ಕಥೆಯೂ ಕೇಳಿ. ಗುಳಿ ಕಂಡ ಮೇಲೆ ರಾತ್ರಿಯೆಲ್ಲ ಕೂತು ಓದಿದೀನಿ. ಪಿಡಿಓ, ಪಾಲಿಡಯಾಕ್ಸನೋನ್. ಆಪರೇಶನಲ್ಲಿ ಒಳಗಡೆ ಹೊಲಿಗೆ ಹಾಕೋ, ತಾನಾಗೇ ಕರಗೋ ದಾರದ್ದೇ ವಸ್ತು. ಅದರ ಮೈಮೇಲೆ ಸಣ್ಣ ಸಣ್ಣ ಮುಳ್ಳು. ಕಣತಲೆ ಹತ್ತಿರ ಚುಚ್ಚಿ, ಕೊಳವೆಯಂಥ ಸೂಜಿಯಲ್ಲಿ ಕೆನ್ನೆಯ ಕೊಬ್ಬಿನೊಳಗೆ ನುಗ್ಗಿಸಿ, ಮೇಲಕ್ಕೆ ಜಗ್ಗುತಾರೆ. ಮರಗಟ್ಟಿಸಿರ್ತಾರೆ, ನೋವು ಅಷ್ಟಿಲ್ಲ, ಆದರೆ ಸೂಜಿ ಮುಂದೆ ಹೋಗೋ ಕರಕರ ಸದ್ದು ಕಿವಿಯ ಒಳಗಿಂದ ಕೇಳಿಸುತ್ತೆ. ಅದನ್ನ ಯಾವ ಬ್ರೋಷರಲ್ಲೂ ಹಾಕಿರಲ್ಲ. ನನ್ನ ತಲೆ ಮೇಲೆ ಡಾಕ್ಟರು, ನರ್ಸು ಪಾರ್ಕಿಂಗ್ ಜಾಗದ ಬಗ್ಗೆ ಜಗಳ ಆಡ್ತಿದ್ರು.

ಮುಳ್ಳು ಕೊಬ್ಬಿಗೆ ಕಚ್ಕೊಂಡು ನಿಲ್ಲಬೇಕು. ಮನುಷ್ಯ ಅಂದ ಮೇಲೆ ಮಾತಾಡ್ತಾನೆ, ಅಗೀತಾನೆ, ಬೈತಾನೆ, ಅದರಲ್ಲೂ ಟೀಚರು. ಮುಳ್ಳು ಜಾರುತ್ತೆ, ಇಲ್ಲಾಂದ್ರೆ ಒಂದು ಕಡೆ ಜಾಸ್ತಿ ಎಳ್ಕೊಂಡು ಗುಳಿ ಬೀಳುತ್ತೆ. ಮೊದಲ ವಾರ ಕೆನ್ನೆ ಎತ್ತಿದಂತೆ ಕಂಡಿದ್ದರಲ್ಲಿ ಎಷ್ಟೋ ಪಾಲು ಬರೀ ಊತ. ಆರು ತಿಂಗಳ ಆಸುಪಾಸಲ್ಲಿ ದಾರವೇ ಕರಗಿಹೋಗುತ್ತೆ. ಎತ್ತಿ ಹಿಡಿಯೋ ದಾರವೇ ಕರಗಿದ ಮೇಲೆ ಕೆನ್ನೆ ಯಾರ ಭರವಸೆ ಮೇಲೆ ನಿಲ್ಲಬೇಕು? ಕೊಲ್ಯಾಜನ್ ಅನ್ನೋ, ಚರ್ಮಕ್ಕೆ ಬಿಗಿ ಕೊಡೋ ಪ್ರೋಟೀನಿನ ಭರವಸೆ ಮೇಲಂತೆ.

ನಿಜವಾದ ಫೇಸ್‌ಲಿಫ್ಟ್ ಬೇರೆಯೇ. ಕಿವಿ ಸುತ್ತ ಕೊಯ್ದು, ಚರ್ಮದ ಕೆಳಗೆ ಸ್ಮಾಸ್ ಅನ್ನೋ ಪದರವನ್ನ ಬಿಗಿ ಮಾಡ್ತಾರೆ. ಆ ಪದರದ ಬಗ್ಗೆ ಮಿಟ್ಜ್, ಪೆರೋನಿ ಅನ್ನೋ ಫ್ರೆಂಚ್ ವೈದ್ಯರಿಬ್ಬರು 1976ರಲ್ಲೇ ಬರೆದಿಟ್ಟಿದ್ದಾರೆ. ಗಂಟೆಗಟ್ಟಲೆ ಆಪರೇಶನ್ನು, ವಾರಗಟ್ಟಲೆ ಊತ, ಆದರೆ ವರ್ಷಗಟ್ಟಲೆ ನಿಲ್ಲುತ್ತೆ. ನನಗೆ ಮಾರಿದ್ದು "ಲಂಚ್‌ಟೈಮ್ ಲಿಫ್ಟ್, ನೋ ಕಟ್ಸ್, ಹತ್ತು ವರ್ಷ ಚಿಕ್ಕವರಾಗಿ". ಊಟದ ಬಿಡುವಿನಲ್ಲಿ ನಾವು ಕಾಂಪೊಸಿಶನ್ ಬುಕ್ಕು ಕೂಡ ತಿದ್ದಿ ಮುಗಿಸಲ್ಲ, ಇವರು ಹತ್ತು ವರ್ಷ ತಿದ್ದುತಾರಂತೆ.

ಈ ಆಟ ಹೊಸದೂ ಅಲ್ಲ. ಅಮೆರಿಕದಲ್ಲಿ ಲೈಫ್‌ಸ್ಟೈಲ್ ಲಿಫ್ಟ್ ಅಂತ ಒಂದು ಕಂಪನಿ ಇತ್ತು, ಸುಮಾರು ಒಂದು ಗಂಟೆಯಲ್ಲಿ ಮುಖ ಎತ್ತಿಕೊಡ್ತೀವಿ ಅಂತ ಟಿವಿ ತುಂಬ ಜಾಹೀರಾತು. ನೌಕರರೇ ಗಿರಾಕಿಗಳ ವೇಷ ಹಾಕಿ ಆಹಾ ಓಹೋ ಅಂತ ಇಂಟರ್ನೆಟ್ಟಲ್ಲಿ ಬರೀತಿದ್ದದ್ದನ್ನ ನ್ಯೂಯಾರ್ಕಿನ ಅಟಾರ್ನಿ ಜನರಲ್ ಹಿಡಿದು, 2009ರಲ್ಲಿ 3 ಲಕ್ಷ ಡಾಲರ್ ಕಕ್ಕಿಸಿದ್ರು. 2015ರಲ್ಲಿ ಕ್ಲಿನಿಕ್ಕುಗಳ ಬಾಗಿಲು ಮುಚ್ಚಿತು. ಇದನ್ನ ಯಾಕೆ ಹೇಳಿದೆ ಅಂದ್ರೆ, ಇವತ್ತು ನಾನು ಹೊರಗೆ ಬರುವಾಗ ರಿಸೆಪ್ಷನ್ನಿನವಳು ಒಂದು ಕ್ಯೂಆರ್ ಕೋಡ್ ಮುಂದೆ ಹಿಡಿದು, "ಫೈವ್ ಸ್ಟಾರ್ ಕೊಟ್ರೆ ನೆಕ್ಸ್ಟ್ ಫೇಶಿಯಲ್ ಫ್ರೀ ಮ್ಯಾಮ್" ಅಂದಳು. ನಾನು ಓದಿ ನಂಬಿದ್ದ ಆ ನಕ್ಷತ್ರಗಳೆಲ್ಲ ಎಲ್ಲಿಂದ ಉದುರಿದ್ದು ಅಂತ ಆಗ ಗೊತ್ತಾಯ್ತು.

ನಮ್ಮಕ್ಕನಿಗೆ ಫೋನ್ ಮಾಡಿದೆ. "ಮುಖ ತಾನೆ, ಜೀವ ಉಳಿದಿದೆಯಲ್ಲ" ಅಂದಳು. 2022ರ ಮೇ ತಿಂಗಳಲ್ಲಿ ಇದೇ ಬೆಂಗಳೂರಲ್ಲಿ ಕೊಬ್ಬು ತೆಗೆಸೋಕೆ ಹೋಗಿ ತೀರಿಕೊಂಡಳಲ್ಲ, ಕಿರುತೆರೆ ನಟಿ, ಇಪ್ಪತ್ತೊಂದು ವರ್ಷದ ಮಗು, ಅದನ್ನ ನೆನಪು ಮಾಡಿದಳು. ಬಾಯಿ ಕಟ್ಟಿಹೋಯ್ತು. ನಿಜ, ಅದರ ಮುಂದೆ ನನ್ನದೊಂದು ಗುಳಿ ಏನು ಮಹಾ. ಬಿಟ್ಟುಬಿಡೋಣ ಅನ್ನಿಸ್ತು. ಬಚ್ಚಲಿಗೆ ಹೋಗಿ ಕನ್ನಡಿ ನೋಡಿದೆ, ಮತ್ತೆ ಬಿಡಕ್ಕಾಗಲಿಲ್ಲ. ಬದುಕಿರೋರೆಲ್ಲ ಸುಮ್ಮನಿರಬೇಕು ಅನ್ನೋದಾದ್ರೆ ಇವರನ್ನ ಕೇಳೋರು ಯಾರು?

ಅದಕ್ಕೇ ಕೇಳ್ತಿದೀನಿ, ಯಾರಾದ್ರೂ ಉತ್ತರ ಕೊಡಿ. ಡಾಕ್ಟರು, ಲಾಯರು, ಯಾರಾದ್ರೂ. ನನ್ನ ಕೆನ್ನೆಯೊಳಗೆ ಇರೋ ದಾರ ಯಾವ ಕಂಪನಿಯದು? ಪ್ಯಾಕೆಟ್ ಮೇಲೆ ಬ್ಯಾಚ್ ನಂಬರ್ ಇರುತ್ತೆ, ನನ್ನ ಬಿಲ್ಲಲ್ಲಿ ಯಾಕಿಲ್ಲ? ಖಾಸಗಿ ಆಸ್ಪತ್ರೆ, ಕ್ಲಿನಿಕ್ಕುಗಳಿಗೆ ಅಂತ ಇರೋ ಕರ್ನಾಟಕದ ಕೆಪಿಎಂಇ ಕಾಯ್ದೆ ಪ್ರಕಾರ ನೋಂದಣಿ ಪತ್ರ, ದರಪಟ್ಟಿ ಎದ್ದು ಕಾಣೋ ಜಾಗದಲ್ಲಿ ಹಾಕಬೇಕು. ಇವರ ಗೋಡೆ ಮೇಲೆ ಇದ್ದಿದ್ದು ಕಣ್ಣು ಮುಚ್ಚಿದ ಬುದ್ಧ, ಪ್ಲಾಸ್ಟಿಕ್ ಆರ್ಕಿಡ್ಡು, ಆ ಟಿವಿ. ನನ್ನ ಫೋಟೋ ಇನ್ನೊಬ್ಬಳಿಗೆ ತೋರಿಸೋಕೆ ಯಾರ ಅಪ್ಪಣೆ ತಗೊಂಡ್ರಿ? ದುಡ್ಡು ಕೊಟ್ಟು ಪಡೆಯೋ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನ ಕೆಳಗೆ ಬರುತ್ತೆ ಅಂತ ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದೆ. 5 ಲಕ್ಷದೊಳಗಿನ ದೂರಿಗೆ ಜಿಲ್ಲಾ ಆಯೋಗದಲ್ಲಿ ಶುಲ್ಕವೂ ಇಲ್ಲ, ಎರಡು ವರ್ಷದೊಳಗೆ ಹಾಕಬಹುದು. ಎಲ್ಲಾ ಓದ್ಕೊಂಡಿದೀನಿ. ಆದರೆ ಸಹಿ ಮಾಡಿದ ಕಾಗದ ಇದೆಯಲ್ಲ, "ಫಲಿತಾಂಶ ಒಬ್ಬೊಬ್ಬರಿಗೆ ಒಂದೊಂದು ರೀತಿ" ಅಂತ, ಇಂಗ್ಲಿಷಲ್ಲಿ, ಇರುವೆ ಅಕ್ಷರದಲ್ಲಿ. ಅದನ್ನ ಕೈಗೆ ಕೊಟ್ಟಾಗ ನನ್ನ ಮುಖದ ತುಂಬ ಮರಗಟ್ಟಿಸೋ ಕ್ರೀಮು, ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ಕನ್ನಡಕ ಬ್ಯಾಗಲ್ಲಿ.

ಆಯೋಗದ ಮುಂದೆ ಹೋದ್ರೆ ಏನಾಗುತ್ತೆ ಅಂತಲೂ ಗೊತ್ತು. ಸಾಕ್ಷಿ ಅಂತ ಅದೇ ಎರಡು ಫೋಟೋ ತೆಗೆದಿಡ್ತಾರೆ. ಅಲ್ಲಿ ಕೂತವರೆಲ್ಲ ಕನ್ನಡಕ ಹಾಕ್ಕೊಂಡು ಎಡಕ್ಕೆ, ಬಲಕ್ಕೆ, ಆಮೇಲೆ ನನ್ನ ಕಡೆ ನೋಡ್ತಾರೆ. ಅದೂ ಬೇಡ. ಅಥವಾ ಬೇಕು. ನಾಳೆ ಹೇಳ್ತೀನಿ.

ಮೊದಲು ಬಿಲ್ಲು, ಚೀಟಿ, ವಾಟ್ಸಾಪ್ ಮೆಸೇಜು ಎಲ್ಲಾ ಒಂದು ಫೈಲಿಗೆ ಹಾಕಬೇಕು, ನಮ್ಮನೆಯವರ ಕೈಗೆ ಸಿಗದ ಜಾಗದಲ್ಲಿ. ಬರೋ ತಿಂಗಳು ಮತ್ತೆ ರಿವ್ಯೂ ಅಂತೆ. ಹೋಗಲ್ಲ. ಹೋದ್ರೂ ಡಾಕ್ಟರನ್ನೇ ಕರೀರಿ ಅಂತ ಬಾಗಿಲಲ್ಲಿ ಕೂತುಬಿಡ್ತೀನಿ. ಫಿಲ್ಲರ್ ಅಂತೂ ಹಾಕಿಸ್ಕೊಳ್ಳಲ್ಲ. ಇಪ್ಪತ್ತು ಪರ್ಸೆಂಟು ಅನ್ನೋದು ಜಿಎಸ್‌ಟಿ ಸೇರಿಸಿನೋ ಬಿಟ್ಟೋ, ಅದೊಂದು ಮಾತ್ರ ಕೇಳ್ಕೊಂಡು ಬರ್ತೀನಿ.